ಕರ್ನಲ್ ಕಟ್ಟಲು ಹೊರಟ ಕಿರಿಯ ಮಿತ್ರನಿಗೆ



ನಿನ್ನ ಲ್ಯಾಪ್‌ಟಾಪಿಗೆ ಬೇಕಾದ ಲಿನಕ್ಸ್ ಕರ್ನಲನ್ನು ನೀನೇ ಕಟ್ಟಿಕೊಳ್ಳಲು ಹೊರಟಿದ್ದೀಯ. ಒಳ್ಳೆಯ ಕೆಲಸ. ‘ಮೇಕ್ ಮೆನುಕಾನ್ಫಿಗ್’ ಕೊಟ್ಟೊಡನೆ ಸಾವಿರಾರು ಆಯ್ಕೆಗಳು ಎದುರು ನಿಲ್ಲುತ್ತವೆ. ಅವುಗಳ ನಡುವೆ ಇನ್‌ಪುಟ್ ಸಾಧನಗಳ ಮೆನು ಬಹಳ ಸುಲಭದ್ದೆಂದು ತೋರುತ್ತದೆ. ಕೀಬೋರ್ಡ್, ಮೌಸ್, ಜಾಯ್‌ಸ್ಟಿಕ್, ಟಚ್‌ಸ್ಕ್ರೀನ್ ಎಲ್ಲವೂ ಪರಿಚಿತ ಹೆಸರುಗಳೇ ಆದ್ದರಿಂದ ಹೊಸಬರು ಅಲ್ಲಿಯೇ ಅವಸರಪಡುತ್ತಾರೆ. ನಾನು ಹೇಳಬೇಕಾದ್ದು ಒಂದೇ ಮಾತು: ಹೆಸರು ನೋಡಿ ಡ್ರೈವರ್ ಆರಿಸಬೇಡ. ನೀನು ಒತ್ತಿದ ಕೀ ಪ್ರೋಗ್ರಾಮನ್ನು ತಲುಪಲು ಯಾವ ಯಾವ ಹಂತ ದಾಟಬೇಕೆಂದು ಮೊದಲು ತಿಳಿದುಕೋ. ಆಮೇಲೆ ಆ ಹಂತಗಳಲ್ಲಿ ಒಂದನ್ನೂ ಬಿಡದೆ ಆರಿಸು.

ಯುಎಸ್‌ಬಿ ಕೀಬೋರ್ಡನ್ನೇ ನೋಡು. ಈಗಿನ ಯಂತ್ರಗಳಲ್ಲಿ ಅದರ ಸಂಕೇತ ಮೊದಲು ಎಕ್ಸ್‌ಎಚ್‌ಸಿಐ ಹೋಸ್ಟ್ ಕಂಟ್ರೋಲರಿಗೆ ಬರುತ್ತದೆ. ಅಲ್ಲಿಂದ ಯುಎಸ್‌ಬಿ ಕೋರ್, ಯುಎಸ್‌ಬಿ ಎಚ್‌ಐಡಿ, ಸಾಮಾನ್ಯ ಎಚ್‌ಐಡಿ ಡ್ರೈವರ್ ಹಾಗೂ ಇನ್‌ಪುಟ್ ಕೋರ್ ದಾಟಿ ಕೊನೆಗೆ ಇವ್‌ಡೆವ್ ಸೇರುತ್ತದೆ. ಇವುಗಳಲ್ಲಿ ಹಲವು ಇನ್‌ಪುಟ್ ಮೆನುವಿನಲ್ಲೇ ಇಲ್ಲ. ಇವ್‌ಡೆವ್ ಅಲ್ಲೇ ಇದ್ದರೂ ಅದರ ಹೆಸರು ಹೊಸಬರಿಗೆ ಏನನ್ನೂ ಸೂಚಿಸುವುದಿಲ್ಲ. ಅದನ್ನು ಕೈಬಿಟ್ಟರೆ ಕನ್ಸೋಲಿನಲ್ಲಿ ಅಕ್ಷರಗಳು ಮೂಡುತ್ತವೆ, ಡೆಸ್ಕ್‌ಟಾಪ್ ಮಾತ್ರ ಕದಲುವುದಿಲ್ಲ. ಏಕೆಂದರೆ ಡೆಸ್ಕ್‌ಟಾಪಿಗೆ ಕೀ, ಮೌಸುಗಳ ಸುದ್ದಿ ಮುಟ್ಟಿಸುವ ಲಿಬ್‌ಇನ್‌ಪುಟ್ ಓದುವುದು ಇವ್‌ಡೆವ್ ಒದಗಿಸುವ ಕಡತಗಳನ್ನೇ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಇನ್ನೂ ದೊಡ್ಡ ಸಾಕ್ಷಿ. ಇಂಟೆಲ್ ಚಿಪ್ಪಿನ ಅನೇಕ ಯಂತ್ರಗಳಲ್ಲಿ ಅದು ಐ-ಸ್ಕ್ವೇರ್-ಸಿ ಬಸ್ಸಿನ ಮೇಲಿರುತ್ತದೆ. ಅದಕ್ಕೆ ಎಚ್‌ಐಡಿ ಮಲ್ಟಿಟಚ್ ಡ್ರೈವರ್ ಒಂದೇ ಸಾಲದು. ಆ ಬಸ್ಸಿನ ಕಂಟ್ರೋಲರ್ ಡ್ರೈವರ್ ಬೇಕು, ಇಂಟರಪ್ಟ್ ಜಿಪಿಐಒ ಮೂಲಕ ಬರುವ ಯಂತ್ರವಾದರೆ ಚಿಪ್ಪಿಗೆ ತಕ್ಕ ಪಿನ್‌ಕಂಟ್ರೋಲ್ ಡ್ರೈವರೂ ಬೇಕು. ಪಿನ್‌ಕಂಟ್ರೋಲಿಗೂ ಟಚ್‌ಪ್ಯಾಡಿಗೂ ಏನು ಸಂಬಂಧವೆಂದು ಅದನ್ನು ತೆಗೆದುಹಾಕಿದವರು ಇನ್‌ಪುಟ್ ಮೆನುವನ್ನು ಎಷ್ಟು ತಡಕಿದರೂ ದೋಷ ಸಿಗುವುದಿಲ್ಲ.

ಹಂತಗಳನ್ನು ಗುರುತಿಸಿದ ಮೇಲೆ ಅವು ಯಾವಾಗ ಬೇಕಾಗುತ್ತವೆ ಎಂಬುದನ್ನೂ ಯೋಚಿಸು. ‘ವೈ’ ಎಂದರೆ ಡ್ರೈವರ್ ಕರ್ನಲಿನೊಳಗೇ ಸೇರುತ್ತದೆ. ‘ಎಂ’ ಎಂದರೆ ಮಾಡ್ಯೂಲಾಗಿ ಹೊರಗೆ ಉಳಿಯುತ್ತದೆ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ರೂಟ್ ತೆರೆಯುವ ಮೊದಲೇ ಪಾಸ್‌ವರ್ಡ್ ಟೈಪ್ ಮಾಡಬೇಕು. ಕೀಬೋರ್ಡಿನ ಮಾಡ್ಯೂಲ್ ಆ ಮುಚ್ಚಿದ ಡಿಸ್ಕಿನಲ್ಲಷ್ಟೇ ಇದ್ದರೆ ಮುಂದಕ್ಕೆ ದಾರಿಯೇ ಇಲ್ಲ. ಆದ್ದರಿಂದ ಕೀಬೋರ್ಡಿನ ಎಲ್ಲ ಹಂತಗಳೂ ಒಂದೋ ಕರ್ನಲಿನೊಳಗೆ, ಇಲ್ಲವೇ ಬೂಟ್ ಆಗುವಾಗ ರೂಟ್‌ಗೂ ಮೊದಲು ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇರಲೇಬೇಕು.

ಇದಕ್ಕೆಲ್ಲ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಇದೆಯಲ್ಲ ಎಂದು ನೀನು ಕೇಳಬಹುದು. ಇದೆ, ಉಪಯುಕ್ತವೂ ಹೌದು. ಆದರೆ ಅದು ಉಳಿಸಿಕೊಳ್ಳುವುದು ಆ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲುಗಳನ್ನು ಮಾತ್ರ. ಅಂದು ಚುಚ್ಚಿರದ ಬ್ಲೂಟೂತ್ ಡಾಂಗಲ್, ಡ್ರಾಯಿಂಗ್ ಟ್ಯಾಬ್ಲೆಟ್, ಗೇಮ್‌ಪ್ಯಾಡ್‌ಗಳ ಡ್ರೈವರುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಯಾವುದು ಬಿದ್ದಿತೆಂದು ಕಾಣಬೇಕಾದರೆ ನಿನಗೆ ಆ ಹಂತಗಳ ದಾರಿ ಗೊತ್ತಿರಬೇಕು. ಲಿನಕ್ಸ್ ಡಿಸ್ಟ್ರೋಗಳು ಬಹುತೇಕ ಡ್ರೈವರುಗಳನ್ನು ಮಾಡ್ಯೂಲಾಗಿ ಕೊಡುತ್ತವೆ, ಈ ಶ್ರಮವೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಯಾರ ಯಂತ್ರದಲ್ಲಿ ಏನಿದೆ ಎಂದು ತಿಳಿಯದ ಡಿಸ್ಟ್ರೋದವರಿಗೆ ಅದೇ ಸರಿ. ದಿನದ ಬಳಕೆ ಸಾಗಿದರೆ ಸಾಕೆನ್ನುವವರು ಆ ಕರ್ನಲಿನಲ್ಲೇ ಇರಲಿ. ಆದರೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲದ ಪುಟ್ಟ ಬೋರ್ಡಿಗೆ ಕರ್ನಲ್ ಕಟ್ಟುವವರಿಗೆ, ಯಂತ್ರವನ್ನು ಅರಿಯಲೆಂದೇ ಕಟ್ಟುವ ನಿನ್ನಂಥವರಿಗೆ, ಈ ಶ್ರಮವೇ ಕಲಿಕೆ. ಇನ್ನು ಗಾತ್ರ ಉಳಿಸುವ ಮಾತು: ಇನ್‌ಪುಟ್ ಡ್ರೈವರುಗಳು ಸಾಮಾನ್ಯವಾಗಿ ತೀರಾ ಚಿಕ್ಕವು. ಒಂದನ್ನು ತೆಗೆದು ಗಳಿಸುವುದು ಅತ್ಯಲ್ಪ, ಕಳೆದುಕೊಳ್ಳುವುದು ಯಂತ್ರದ ಮೇಲಿನ ಹಿಡಿತ. ಅನುಮಾನ ಬಂದಾಗ ಉಳಿಸಿಕೊಳ್ಳುವುದೇ ವಿವೇಕ.

ಕೆಲಸಕ್ಕೆ ಕೂರುವ ಮುನ್ನ ಡಿಸ್ಟ್ರೋ ಕರ್ನಲಿನಲ್ಲಿ ಬೂಟ್ ಮಾಡಿ, ‘ಪ್ರಾಕ್’ನೊಳಗಿನ ಇನ್‌ಪುಟ್ ಸಾಧನಗಳ ಪಟ್ಟಿ ಓದು. ಪ್ರತಿ ಸಾಧನದ ಹಿಂದಿರುವ ಡ್ರೈವರುಗಳನ್ನು ‘ಸಿಸ್‌’ನಲ್ಲಿ ಒಂದೊಂದಾಗಿ ಹಿಡಿದು ಬಸ್ಸಿನವರೆಗೂ ಹೋಗಿ ಬರೆದಿಟ್ಟುಕೋ. ಮೆನುಕಾನ್ಫಿಗ್‌ನಲ್ಲಿ ಓರೆಗೆರೆ ಒತ್ತಿ ಹುಡುಕಿದರೆ ಯಾವ ಆಯ್ಕೆ ಯಾವುದನ್ನು ಅವಲಂಬಿಸಿದೆ ಎಂದು ತಿಳಿಯುತ್ತದೆ. ಕಾಣೆಯಾದಂತಿರುವ ಆಯ್ಕೆ ಎಷ್ಟೋ ಸಲ ಅಡಗಿರುವುದು ಅದರ ಅವಲಂಬನೆಯನ್ನು ನೀನು ಆರಿಸಿಲ್ಲವೆಂದೇ. ಹೊಸ ಕರ್ನಲ್ ಎರಡು ಮೂರು ಬಾರಿ ಸರಿಯಾಗಿ ಏಳುವವರೆಗೆ ಹಳೆಯದನ್ನು ಗ್ರಬ್‌ ಮೆನುವಿನಿಂದ ತೆಗೆಯಬೇಡ. ಇಷ್ಟು ಮಾಡಿ ಧೈರ್ಯವಾಗಿ ಕಟ್ಟು.

ಇಂತಿ,
ನಿನ್ನ ಹಿತೈಷಿ