ಆಸ್ಪತ್ರೆಯೊಳಗೆ ವಾಂತಿಭೇದಿ: ಸರಪಣಿಯನ್ನು ಕಡಿಯುವುದು ಹೇಗೆ?

2024ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ವಸತಿಗೃಹದ 47 ಮಂದಿ ವಿದ್ಯಾರ್ಥಿನಿಯರನ್ನು ಭೇದಿ ಮತ್ತು ನಿರ್ಜಲತೆಯ ದೆಸೆಯಿಂದ ವಿಕ್ಟೋರಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಕಾಲರಾ ಇರಬಹುದೆಂಬ ಶಂಕೆಯೂ ಹುಟ್ಟಿತು. ನಗರದಲ್ಲೆಲ್ಲ ನೀರಿಗೆ ಹಾಹಾಕಾರವೆದ್ದಿದ್ದ ಬೇಸಗೆ ಅದು. ವೈದ್ಯವಿದ್ಯೆಯನ್ನು ಕಲಿಯುವವರೇ ರೋಗಿಗಳಾದರೆಂದು ಜನ ಆಶ್ಚರ್ಯಪಟ್ಟರು. ಆದರೆ ವಿಚಾರಮಾಡಬೇಕಾದ ವಿಷಯ ಬೇರೊಂದಿದೆ. ಇಂಥ ವಿದ್ಯಾರ್ಥಿಗಳು ದಿನವೂ ವಾರ್ಡುಗಳಲ್ಲಿ ಓಡಾಡತಕ್ಕವರು. ವಸತಿಗೃಹದ ರೋಗ ಅವರ ಕೈಗಳ ಮೂಲಕ, ಮೊದಲೇ ಬಳಲಿರುವ ರೋಗಿಗಳ ಮಂಚದವರೆಗೂ ಹೋಗಬಹುದಲ್ಲವೆ? ಹಾಗೆ ಹೋದರೆ ತಡೆಯುವ ಬಗೆ ಯಾವುದು? ಒಳ್ಳೆಯ ಔಷಧವೊಂದಿದ್ದರೆ ಸಾಕು ಎಂಬುದು ಸಾಮಾನ್ಯವಾದ ಭಾವನೆ. ಅದು ಸಾಲದು, ಏಕೆ ಸಾಲದೆಂಬುದನ್ನು ಈಗ ನೋಡೋಣ.

ಒಂದಕ್ಕಿಂತ ಕಡಿಮೆ

ಭೌತವಿಜ್ಞಾನದ ತರಗತಿಯಲ್ಲಿ ನಾವು ಯುರೇನಿಯಂ ಪರಮಾಣುವಿನ ಸರಪಣಿ ಕ್ರಿಯೆಯನ್ನು ಬೋಧಿಸುವುದುಂಟು. ಒಂದು ವಿದಳನದಿಂದ ಹೊರಟ ನ್ಯೂಟ್ರಾನುಗಳು ಸರಾಸರಿ ಒಂದಕ್ಕಿಂತ ಹೆಚ್ಚು ವಿದಳನಗಳನ್ನು ಉಂಟುಮಾಡಿದರೆ ಕ್ರಿಯೆ ಬೆಳೆಯುತ್ತದೆ. ಒಂದಕ್ಕಿಂತ ಕಡಿಮೆಯಾದರೆ ತಾನಾಗಿ ಆರಿಹೋಗುತ್ತದೆ. ಸಾಂಕ್ರಾಮಿಕ ರೋಗದ ಲೆಕ್ಕವೂ ಹೀಗೆಯೇ. ಒಬ್ಬ ರೋಗಿಯಿಂದ ಸರಾಸರಿ ಮೂವರಿಗೆ ಸೋಂಕು ತಗಲುವುದೆಂದು ಭಾವಿಸೋಣ. ಆಗ ರೋಗಿಗಳ ಸಂಖ್ಯೆ 1, 3, 9, 27, 81 ಎಂದು ಏರುತ್ತದೆ.

ಈಗ ಕೈತೊಳೆಯುವ ಕಟ್ಟುಪಾಡಿನಿಂದ ಸೋಂಕು ಅರ್ಧಕ್ಕೆ ಇಳಿಯಿತೆನ್ನಿ. ಮೂರು ಎಂಬುದು 1.5 ಆಯಿತು; ರೋಗ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಇದರ ಜೊತೆಗೆ ರೋಗಿಗಳನ್ನು ಪ್ರತ್ಯೇಕವಾಗಿಟ್ಟು ಉಳಿದುದನ್ನೂ ಅರ್ಧಮಾಡಿದರೆ 0.75 ಆಗುತ್ತದೆ. ಆಗ 64 ಮಂದಿ ರೋಗಿಗಳಿದ್ದರೂ ಮುಂದಿನ ಸುತ್ತುಗಳಲ್ಲಿ 48, 36, 27 ಎಂದು ಇಳಿಯುತ್ತಾರೆ. ಎರಡು ತಡೆಗಳಲ್ಲಿ ಯಾವುದೂ ಪರಿಪೂರ್ಣವಲ್ಲ. ಆದರೂ ಅವುಗಳ ಗುಣಲಬ್ಧ ಮೂರನ್ನು ಒಂದರ ಕೆಳಕ್ಕೆ ಇಳಿಸಿತು. ಆಸ್ಪತ್ರೆಯ ವ್ಯವಸ್ಥೆಗೆಲ್ಲ ಈ ಗುಣಾಕಾರವೇ ಆಧಾರ. ಒಂದು ತಡೆ ಅರ್ಧಂಬರ್ಧವಾದುದೆಂದು ಅದನ್ನು ಕೈಬಿಡಬಾರದು. ಒಂದೇ ತಡೆಯನ್ನು ನಂಬಿ ಉಳಿದುವನ್ನು ಮರೆಯಲೂ ಬಾರದು.

ಮೊದಲು ಎಣಿಕೆ

ರೋಗ ಕಾಣಿಸಿಕೊಂಡ ಕೂಡಲೆ ಮಾಡಬೇಕಾದ ಕೆಲಸ ಪಟ್ಟಿಯನ್ನು ಬರೆಯುವುದು. ಯಾರಿಗೆ, ಯಾವ ವಾರ್ಡಿನಲ್ಲಿ, ಎಷ್ಟು ಗಂಟೆಗೆ ಭೇದಿ ಮೊದಲಾಯಿತು? ಅವರು ಏನು ತಿಂದರು, ಯಾವ ನೀರು ಕುಡಿದರು? ಗಂಟೆಗಳ ಎದುರಿಗೆ ರೋಗಿಗಳ ಸಂಖ್ಯೆಯನ್ನು ನಕ್ಷೆಯಲ್ಲಿ ಗುರುತಿಸಿದರೆ ಅದರ ಆಕಾರವೇ ಮಾತನಾಡುತ್ತದೆ. ಅನೇಕರು ಒಮ್ಮೆಗೇ ಮಲಗಿ ನಕ್ಷೆ ಒಂದೇ ಶಿಖರವಾಗಿ ಎದ್ದರೆ ಮೂಲ ಒಂದೇ, ಎಂದರೆ ನೀರು ಅಥವಾ ಅಡುಗೆ, ಎಂದು ಊಹಿಸಬಹುದು. ಕೆಲವು ದಿನಗಳ ಅಂತರದಲ್ಲಿ ಅಲೆಅಲೆಯಾಗಿ ಎದ್ದರೆ ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆಯೆಂದು ತಿಳಿಯಬೇಕು.

ಮೂಲವನ್ನು ಹಿಡಿಯಲು ಸರಳವಾದ ಗಣಿತ ಸಾಕು. ಒಂದು ಕಲ್ಪಿತ ಉದಾಹರಣೆ: ಕಾಯಿಚಟ್ನಿ ತಿಂದ 40 ಮಂದಿಯಲ್ಲಿ 24 ಮಂದಿಗೆ ರೋಗ ಬಂದಿತು, ಎಂದರೆ ಶೇಕಡ 60. ತಿನ್ನದ 30 ಮಂದಿಯಲ್ಲಿ ಮೂವರಿಗೆ ಬಂದಿತು, ಎಂದರೆ ಶೇಕಡ 10. ತಿಂದವರಿಗೆ ಅಪಾಯ ಆರುಪಟ್ಟು. ಹೀಗಾದಾಗ ಪ್ರಯೋಗಶಾಲೆಯ ಉತ್ತರಕ್ಕಾಗಿ ಕಾಯದೆ ಚಟ್ನಿಯನ್ನು ನಿಲ್ಲಿಸುವುದೇ ವಿವೇಕ. ಬೆಚ್ಚಗಿನ ಆಹಾರದಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲವು. ಮಧ್ಯಾಹ್ನ ಒಂದು ಗಂಟೆಗೆ ಇದ್ದ ಒಂದೇ ಒಂದು ಜೀವಿ ಇದೇ ವೇಗದಲ್ಲಿ ಬೆಳೆದರೆ ರಾತ್ರಿ ಎಂಟರ ಊಟದ ಹೊತ್ತಿಗೆ 21 ಬಾರಿ ಇಮ್ಮಡಿಸಿ ಸುಮಾರು 21 ಲಕ್ಷವಾಗುತ್ತದೆ. ಅಡುಗೆಮನೆಯಲ್ಲಿ ಗಡಿಯಾರಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ.

ಕೈ, ಸೋಪು, ಕ್ಲೋರಿನ್

1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮಾಡಿ ಬಂದ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯಬೇಕೆಂದು ವಿಧಿಸಿದನು. ಏಪ್ರಿಲ್ ತಿಂಗಳಲ್ಲಿ ಶೇಕಡ 18ರಷ್ಟಿದ್ದ ಬಾಣಂತಿಯರ ಮರಣ ಜೂನ್ ವೇಳೆಗೆ ಶೇಕಡ 2ರ ಸಮೀಪಕ್ಕೆ ಇಳಿಯಿತು. ಅಲ್ಲಿದ್ದುದು ಕರುಳಿನ ರೋಗವಲ್ಲ, ಬಾಣಂತಿ ಜ್ವರ. ಆದರೂ ಮುಟ್ಟುವ ಕೈಯೇ ರೋಗದ ವಾಹನವೆಂಬ ಪಾಠ ಎರಡಕ್ಕೂ ಒಂದೇ.

ಇಂದು ಆಸ್ಪತ್ರೆಗಳಲ್ಲಿ ಆಲ್ಕೊಹಾಲ್ ದ್ರಾವಣವನ್ನು ಕೈಗೆ ಸವರಿಕೊಳ್ಳುವುದು ರೂಢಿ. ಅನೇಕ ಬ್ಯಾಕ್ಟೀರಿಯಗಳನ್ನು ಅದು ಕೊಲ್ಲುತ್ತದೆ. ಆದರೆ ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲೆ ಎಂಬುದೊಂದು ಬ್ಯಾಕ್ಟೀರಿಯ ಇದೆ. ಪ್ರತಿಜೈವಿಕ ಔಷಧಗಳು ಕರುಳಿನಲ್ಲಿ ಸಹಜವಾಗಿ ನೆಲೆಸಿರುವ ಜೀವಿಗಳನ್ನು ನಾಶಮಾಡಿದಾಗ ಇದು ತಲೆಯೆತ್ತುತ್ತದೆ. ಇದು ಗಟ್ಟಿ ಕವಚವುಳ್ಳ ಬೀಜಾಣುಗಳಾಗಿ ತಿಂಗಳುಗಟ್ಟಲೆ ಮಂಚ, ಬಾಗಿಲ ಹಿಡಿ, ಶೌಚಪಾತ್ರೆಗಳ ಮೇಲೆ ಬದುಕಿರಬಲ್ಲುದು. ಆಲ್ಕೊಹಾಲ್ ಈ ಬೀಜಾಣುಗಳನ್ನು ಕೊಲ್ಲಲಾರದು. ಸೋಪು ಮತ್ತು ಹರಿಯುವ ನೀರು ಅವುಗಳನ್ನು ಕೈಯಿಂದ ಕಿತ್ತು ಸಾಗಿಸುತ್ತವೆ. ನೆಲ ಮಂಚಗಳಿಗೆ ಕ್ಲೋರಿನ್ ದ್ರಾವಣ ಬೇಕು. ಇಲ್ಲಿ ಕ್ರಮವೊಂದನ್ನು ಮರೆಯಬಾರದು. ಮಲ, ಮಣ್ಣು ಮೊದಲಾದ ಸಾವಯವ ವಸ್ತುಗಳು ಕ್ಲೋರಿನ್ನನ್ನು ತಾವೇ ನುಂಗಿಬಿಡುತ್ತವೆ. ಆದುದರಿಂದ ಮೊದಲು ಕೊಳೆಯನ್ನು ತೆಗೆದು, ಅನಂತರ ದ್ರಾವಣವನ್ನು ಬಳಸತಕ್ಕದ್ದು.

ರೋಗಿಯ ಪ್ರಾಣ

ಸರಪಣಿಯನ್ನು ಕಡಿಯುವಷ್ಟರಲ್ಲಿ ಹಾಸಿಗೆ ಹಿಡಿದವರನ್ನು ಉಳಿಸಬೇಕು. ಕಾಲರಾ ವಿಷ ಕರುಳಿನ ಗೋಡೆಯಿಂದ ಲವಣಗಳನ್ನು ಹೊರಕ್ಕೆ ಸುರಿಸುತ್ತದೆ. ಅಭಿಸರಣೆಯಿಂದ ನೀರು ಅವುಗಳನ್ನು ಹಿಂಬಾಲಿಸುತ್ತದೆ. ಈ ವಿಷದ ಇರವನ್ನು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಪ್ರಯೋಗದಿಂದ ತೋರಿಸಿಕೊಟ್ಟರು. ರೋಗ ತೀವ್ರವಾದರೆ ಗಂಟೆಗೆ ಒಂದು ಲೀಟರಿನವರೆಗೂ ನೀರು ನಷ್ಟವಾಗಬಹುದು. ಆದರೆ ಗ್ಲೂಕೋಸಿನೊಡನೆ ಸೋಡಿಯಮ್ಮನ್ನು ಒಳಕ್ಕೆ ಸೆಳೆದುಕೊಳ್ಳುವ ದಾರಿಯನ್ನು ಆ ವಿಷ ಕೆಡಿಸುವುದಿಲ್ಲ. ಆ ದಾರಿಯಿಂದಲೇ ನೀರನ್ನು ಮರಳಿ ದೇಹಕ್ಕೆ ತುಂಬಬಹುದು. ಒಂದು ಲೀಟರ್ ನೀರಿಗೆ ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ: ಇದೇ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿರುವ ಓ.ಆರ್.ಎಸ್. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಅವರು ಇಂಥ ಉಪ್ಪು-ಗ್ಲೂಕೋಸಿನ ನೀರನ್ನು ಧಾರಾಳವಾಗಿ ಕುಡಿಸಿ, ಸುಮಾರು ಶೇಕಡ 30ರಷ್ಟಿದ್ದ ಮರಣವನ್ನು ಶೇಕಡ 4ಕ್ಕೂ ಕೆಳಗಿಳಿಸಿದರು. ರೋಗಿ ಕುಡಿಯಲಾರದ ಸ್ಥಿತಿಗೆ ಬಂದಿದ್ದರೆ ಮಾತ್ರ ನೀರನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ.

ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಪಾಠ

ಇವೆಲ್ಲ ತಿಳಿದಿದ್ದರೂ ನಡೆಸದಿದ್ದರೆ ಆಗುವುದೇನು? ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 2003ರಿಂದ 2005ರವರೆಗೆ ಡಿಫಿಸಿಲೆ ರೋಗ ಎರಡು ಬಾರಿ ಹರಡಿತು. 334 ಮಂದಿಗೆ ರೋಗ ತಗಲಿತು. ಕನಿಷ್ಠ 33 ಮಂದಿ ಅದರಿಂದ ಮಡಿದರು. ಅಲ್ಲಿ ವೈದ್ಯರಿಗಾಗಲಿ ಔಷಧಗಳಿಗಾಗಲಿ ಕೊರತೆಯಿರಲಿಲ್ಲ. ಸೋಂಕಿನ ತಜ್ಞರು ರೋಗಿಗಳನ್ನು ಪ್ರತ್ಯೇಕವಾಗಿಡಬೇಕೆಂದು ಹೇಳಿದ್ದರೂ, ಆಡಳಿತದವರು ಹಣಕಾಸಿನ ಮತ್ತು ತುರ್ತು ವಿಭಾಗದ ಕಾಯುವ ಅವಧಿಯ ಗುರಿಗಳಿಗೇ ಹೆಚ್ಚು ಗಮನ ಕೊಟ್ಟರೆಂದು 2006ರ ವಿಚಾರಣಾ ವರದಿ ತಿಳಿಸಿತು. ಸರಪಣಿಯನ್ನು ಕಡಿಯುವ ಉಪಾಯ ಗೊತ್ತಿತ್ತು. ಅದಕ್ಕೆ ಕೋಣೆಗಳು ದೊರೆಯಲಿಲ್ಲ. ಪ್ರತ್ಯೇಕ ಕೋಣೆ, ಅದಕ್ಕೆಂದೇ ಶೌಚಾಲಯ, ಅಲ್ಲಿಗೇ ಮೀಸಲಾದ ದಾದಿಯರು ಎಂಬುವು ವೆಚ್ಚದ ಪಟ್ಟಿಯಲ್ಲಿ ದುಂದಿನಂತೆ ತೋರಬಹುದು. ಲೆಕ್ಕದಲ್ಲಿ 1.5 ಅನ್ನು 0.75 ಮಾಡುವವು ಅವೇ. ಭೇದಿಯಾದ ದಾದಿಯನ್ನೋ ಅಡುಗೆಯವನನ್ನೋ, ಭೇದಿ ನಿಂತ ಮೇಲೂ ಎರಡು ದಿನ, ಸಂಬಳ ಕಡಿಯದೆ ಮನೆಯಲ್ಲಿರಿಸುವುದೂ ಇದೇ ಜಾತಿಯ ತಡೆ. ಸಂಬಳ ಕಡಿದರೆ ರೋಗವನ್ನು ಬಚ್ಚಿಟ್ಟುಕೊಂಡು ಕೆಲಸಕ್ಕೆ ಬರುವರು.

ಮನೆಯ ಸಂಪು

ಆಸ್ಪತ್ರೆಯ ಹೊರಗಿರುವ ನಮಗೂ ಇದರಲ್ಲಿ ಪಾಲುಂಟು. ಕಗ್ಗದಾಸಪುರದಂಥ ಬಡಾವಣೆಗಳಲ್ಲಿ ಅನೇಕ ಮನೆಗಳು ಕೊಳವೆಬಾವಿಯ ಅಥವಾ ಟ್ಯಾಂಕರಿನ ನೀರನ್ನು ಸಂಪಿನಲ್ಲಿ ತುಂಬಿಕೊಳ್ಳುತ್ತವೆ. ಚರಂಡಿಯ ನೀರು ಆ ಸಂಪಿಗೆ ಜಿನುಗಿದರೆ ಮನೆಮಂದಿಯೆಲ್ಲ ಸಿ. ವಿ. ರಾಮನ್ ನಗರದ ಸಾರ್ವಜನಿಕ ಆಸ್ಪತ್ರೆಗೋ, ಇಂದಿರಾನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೋ ಧಾವಿಸಬೇಕಾದೀತು. ಅವರೊಡನೆ ರೋಗವೂ ಆಸ್ಪತ್ರೆಯ ಬಾಗಿಲನ್ನು ಪ್ರವೇಶಿಸುತ್ತದೆ. ಸಂಪನ್ನು ಆಗಾಗ ತೊಳೆಯಿಸಿ, ತಿಳಿಯಾದ ನೀರು ತುಂಬಿಸಿ, 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಕಲಸಿ ಹಾಕಿದರೆ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಕ್ಲೋರಿನ್ ದೊರೆಯುತ್ತದೆ. ಅರ್ಧ ಗಂಟೆಯ ಬಳಿಕ ಲೀಟರಿಗೆ 0.5 ಮಿಲಿಗ್ರಾಮಾದರೂ ಉಳಿದಿರಬೇಕು. ಉಳಿಯದಿದ್ದರೆ ನೀರಿನಲ್ಲಿದ್ದ ಕೊಳೆ ಅದನ್ನು ನುಂಗಿತೆಂದು ತಿಳಿದು ನೀರನ್ನು ಕುದಿಸಿಯೇ ಕುಡಿಯಬೇಕು.

ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಒಂದು ಪ್ರಶ್ನೆ: ನಿಮ್ಮ ಮನೆಯ ಅಥವಾ ವಸತಿಗೃಹದ ಸಂಪಿನ ಉದ್ದ, ಅಗಲ, ಆಳಗಳನ್ನು ಮೀಟರುಗಳಲ್ಲಿ ಅಳೆಯಿರಿ. ಒಂದು ಘನ ಮೀಟರಿಗೆ 1000 ಲೀಟರುಗಳು. ಸಂಪು ತುಂಬಿದಾಗ ಎಷ್ಟು ಗ್ರಾಂ ಪುಡಿ ಬೇಕು? 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಸಂಪಾದರೆ ಉತ್ತರ 15 ಗ್ರಾಂ.