ಒಂದೇ ಮೈಯಲ್ಲಿ ಎರಡು ಜ್ವರ

‘ಡೆಂಗಿ ಪಾಸಿಟಿವ್’ ಎಂಬ ಚೀಟಿ ಕೈಗೆ ಬಂದರೆ ಕಾಯಿಲೆ ಯಾವುದೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರ ಎಣಿಕೆ. ಹಾಗೇನೂ ಇಲ್ಲ ಎಂಬುದು 2024ರ ಮಳೆಗಾಲದಲ್ಲಿ ನನ್ನ ಅತ್ತಿಗೆ ಹಾಸಿಗೆ ಹಿಡಿದಾಗ ನಮ್ಮ ಮನೆಗೆ ತಿಳಿಯಿತು. ಆಕೆಗೆ ಡೆಂಗಿಯೂ ಇತ್ತು, ಚಿಕುನ್‌ಗುನ್ಯಾವೂ ಇತ್ತು.

ಆ ವರ್ಷ ಹಾಸನ ಜಿಲ್ಲೆಯೇ ಹೆದರಿ ಕೂತಿತ್ತು. ಪಕ್ಕದ ಹೊಳೆನರಸೀಪುರ ತಾಲ್ಲೂಕಿನಿಂದ ಮಕ್ಕಳು ಜ್ವರಕ್ಕೆ ತೀರಿಕೊಂಡ ಸುದ್ದಿ ಬರುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿ ಮನೆಗೆ 200 ರೂಪಾಯಿ ದಂಡ ಎಂದಿತು. ಹೀಗಾಗಿ ನಮ್ಮೂರು ದಂಡಿಗನಹಳ್ಳಿಯಲ್ಲಿ ಯಾರಿಗೆ ಮೈ ಬಿಸಿಯಾದರೂ ಎಲ್ಲರ ಬಾಯಲ್ಲೂ ಡೆಂಗಿಯದೇ ಮಾತು.

ಅತ್ತಿಗೆಯ ರಕ್ತದಲ್ಲಿ ಡೆಂಗಿ ಸಿಕ್ಕಿದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಆದರೆ ಆಕೆಯ ಮಣಿಕಟ್ಟು ಊದಿಕೊಂಡಿತ್ತು. ಚೊಂಬು ಎತ್ತಲು ಆಗುತ್ತಿರಲಿಲ್ಲ, ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಅದನ್ನು ನೋಡಿದ ನನ್ನ ತಾಯಿ, ‘ಇದು ಆವಾಗ ನಂಗೆ ಬಂದಿತ್ತಲ್ಲ, ಅದೇ ಕಣೋ’ ಎಂದರು. ಅವರು ಹೇಳಿದ್ದು 2006ರ ಮಾತು. ಆ ವರ್ಷ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕುನ್‌ಗುನ್ಯಾ ಶಂಕೆಯಿತ್ತು, ದೇಶದಲ್ಲೇ ನಮ್ಮ ರಾಜ್ಯ ಮುಂದಿತ್ತು. ಗೋಡೆ ಹಿಡಿದು ನಡೆದ ತಲೆಮಾರು ಅದು. ಆ ನೋವನ್ನು ಮರೆಯುವಂತಿಲ್ಲ. ತಾಯಿಯ ಮಾತನ್ನು ಚನ್ನರಾಯಪಟ್ಟಣದ ವೈದ್ಯರು ಕಿವಿಗೊಟ್ಟು ಕೇಳಿ, ಎರಡನೇ ಪರೀಕ್ಷೆಗೂ ರಕ್ತ ಕಳಿಸಿದರು. ಅದೂ ಪಾಸಿಟಿವ್ ಬಂತು.

ಇದೇನೂ ಹೊಸ ಸಂಗತಿಯಲ್ಲ. 1960ರ ದಶಕದಲ್ಲಿ ಕಲ್ಕತ್ತಾದಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗಲೇ ಎರಡೂ ವೈರಸ್ ಒಟ್ಟಿಗೆ ಇದ್ದ ರೋಗಿಗಳು ಕಂಡಿದ್ದರು. ಎರಡನ್ನೂ ಹೊತ್ತು ತರುವುದು ಹಗಲು ಕಚ್ಚುವ, ಕಾಲಿಗೆ ಬಿಳಿ ಪಟ್ಟೆಯಿರುವ ಒಂದೇ ಈಡಿಸ್ ಸೊಳ್ಳೆ. ಒಂದೇ ಸೊಳ್ಳೆ ಒಂದೇ ಸಲಕ್ಕೆ ಎರಡನ್ನೂ ದಾಟಿಸಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಎರಡೂ ಇವೆ ಎಂದು ತಿಳಿದು ಆಗುವ ಲಾಭವೇನು, ಎರಡಕ್ಕೂ ನೇರ ಔಷಧಿಯೇ ಇಲ್ಲವಲ್ಲ ಎಂದು ಕೇಳಿದವರಿದ್ದಾರೆ. ಲಾಭ ಇದೆ. ಚಿಕುನ್‌ಗುನ್ಯಾ ನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೆನ್ ಥರದ ಮಾತ್ರೆ, ಇಂಜೆಕ್ಷನ್ ಬೇಗ ಹಿತ ಕೊಡುತ್ತವೆ. ಡೆಂಗಿ ಇರುವ ಮೈಗೆ ಅವೇ ರಕ್ತಸ್ರಾವದ ಅಪಾಯ ತರುತ್ತವೆ. ನರಳಾಟ ನೋಡಲಾಗದ ನೆಂಟರು ಒಂದು ಕ್ಲಿನಿಕ್‌ನ ಹೆಸರು ಹೇಳಿ ‘ಒಂದು ಸೂಜಿ ಹಾಕಿಸಿ, ಎದ್ದು ಓಡಾಡ್ತಾಳೆ’ ಎಂದು ಒತ್ತಾಯಿಸಿದರು. ಅವರದು ಪ್ರೀತಿಯೇ. ಆದರೂ ಅಣ್ಣ ಒಪ್ಪಲಿಲ್ಲ. ಡೆಂಗಿಯ ಗಂಡಾಂತರ ಕಳೆಯುವವರೆಗೆ ಪ್ಯಾರಾಸಿಟಮಾಲ್ ಒಂದೇ ಎಂಬ ವೈದ್ಯರ ಮಾತಿಗೆ ಗಟ್ಟಿಯಾಗಿ ನಿಂತ. ಅವನು ನಿಂತದ್ದೇ ಸರಿ.

ಜ್ವರ ಇಳಿದ ದಿನ ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಡೆಂಗಿಯಲ್ಲಿ ನಿಜವಾದ ಅಪಾಯ ಶುರುವಾಗುವುದು ಆಗಲೇ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ ಬಿಡುವ ಹೊತ್ತಿಗೆ, ರಕ್ತನಾಳದಿಂದ ನೀರಿನಂಶ ಸೋರುತ್ತದೆ. ಅಂದು ಸಂಜೆ ಅತ್ತಿಗೆಗೆ ಹೊಟ್ಟೆನೋವು ಬಂತು, ಕುಡಿದ ಗಂಜಿ ನಿಲ್ಲಲಿಲ್ಲ. ತಕ್ಷಣ ಹಾಸನದ ಆಸ್ಪತ್ರೆಗೆ ಕರೆದೊಯ್ದೆವು. ಊರಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು ಪ್ಲೇಟ್‌ಲೆಟ್ ಎಷ್ಟು ಎಂದು. ಅಲ್ಲಿನವರು ಅದರ ಜೊತೆಗೆ ರಕ್ತ ಎಷ್ಟು ಗಟ್ಟಿಯಾಗಿದೆ, ಮೂತ್ರ ಎಷ್ಟು ಹೋಗುತ್ತಿದೆ ಎಂದೂ ಗಂಟೆಗಂಟೆಗೂ ನೋಡಿ ಡ್ರಿಪ್ ಹೆಚ್ಚುಕಮ್ಮಿ ಮಾಡುತ್ತಿದ್ದರು. ಪ್ಲೇಟ್‌ಲೆಟ್ ಏರಿಸಬೇಕಾಗಲೇ ಇಲ್ಲ. ಆಕೆ ಉಳಿದಳು. ಕೀಲು ನೋವು ಮಾತ್ರ ತಿಂಗಳುಗಟ್ಟಲೆ ಬಿಡಲಿಲ್ಲ. ಹಾಲು ಕರೆಯುವ ಕೆಲಸ ಅಣ್ಣನ ಪಾಲಿಗೆ ಬಂತು.

ತಾಯಿಗೆ ಮತ್ತೆ ಚಿಕುನ್‌ಗುನ್ಯಾ ಬರುವ ಸಂಭವ ಬಹಳ ಕಡಿಮೆ. ಒಮ್ಮೆ ಬಂದರೆ ಮೈಗೆ ಸಿಗುವ ರಕ್ಷಣೆ ವರ್ಷಾನುಗಟ್ಟಲೆ ಉಳಿಯುತ್ತದೆ. ಡೆಂಗಿಗೆ ಆ ಲೆಕ್ಕ ನಡೆಯದು: ಅದರಲ್ಲಿ 4 ಬಗೆಗಳಿವೆ, ಎರಡನೇ ಸಲ ಬೇರೆ ಬಗೆ ತಗುಲಿದರೆ ಇನ್ನೂ ಜೋರಾಗಬಹುದು. ‘ನಮಗೆ ಆಗಲೇ ಬಂದು ಹೋಗಿದೆ’ ಎನ್ನುವವರು ಇದನ್ನು ಗಮನಿಸಬೇಕು. 2006ರ ನಂತರ ಹುಟ್ಟಿದ ಎಷ್ಟೋ ಮಕ್ಕಳಿಗಂತೂ ಚಿಕುನ್‌ಗುನ್ಯಾ ಹೊಸದು.

ಆಶಾ ಕಾರ್ಯಕರ್ತೆ ನಮ್ಮ ಹಿತ್ತಲಿಗೆ ಬಂದು ದನದ ಕಲ್ಲುಬಾನಿಗೆ ಟಾರ್ಚ್ ಬಿಟ್ಟಾಗ ಹುಳುಗಳು ಕೊಂಕಿಕೊಂಡು ಕೆಳಗಿಳಿದವು. ನೀರು ಚೆಲ್ಲಿದರೆ ಸಾಲದು ಎಂದು ಆಕೆ ತೆಂಗಿನ ನಾರಿನಿಂದ ಒಳಗೋಡೆ ಉಜ್ಜಿ ತೋರಿಸಿದರು. ಮೊಟ್ಟೆಗಳು ನೀರಿನ ಅಂಚಿನ ಮೇಲೆ ಗೋಡೆಗೆ ಅಂಟಿರುತ್ತವೆ, ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನೀರು ಬಿದ್ದರೆ ವಾರ, ಹತ್ತು ದಿನದಲ್ಲಿ ರೆಕ್ಕೆ ಬಂದ ಸೊಳ್ಳೆ. ತೆಂಗಿನ ತೋಟದ ಸೀಮೆ ನಮ್ಮದು, ಬಿದ್ದ ಪ್ರತಿ ಚಿಪ್ಪಿಗೂ ಇದೇ ಮಾತು.

ದಯವಿಟ್ಟು ಮಳೆ ಶುರುವಾಗುವ ಮುಂಚೆಯೇ ಹಿತ್ತಲಿನ ಚಿಪ್ಪುಗಳನ್ನು ಕವುಚಿ ಹಾಕಿ. ವಾರಕ್ಕೊಮ್ಮೆ ಬಾನಿ, ಡ್ರಮ್‌ಗಳನ್ನು ಖಾಲಿ ಮಾಡಿ, ಉಜ್ಜಿ, ಒಣಗಿಸಿ.