ರಕ್ತದ ಕೊಬ್ಬಿನ ವರದಿಯನ್ನು ಓದುವ ಬಗೆ

ರಕ್ತದಲ್ಲಿನ ಕೊಬ್ಬಿನ ಪರೀಕ್ಷೆಯ ವರದಿ ಕೈಸೇರಿದೊಡನೆ ಅನೇಕರು ನೋಡುವುದು ಒಟ್ಟು ಕೊಲೆಸ್ಟೆರಾಲ್ ಎಂಬ ಒಂದು ಸಾಲನ್ನು ಮಾತ್ರ. ಅದು 200ಕ್ಕಿಂತ ಕಡಮೆಯಿದ್ದರೆ ನಿಶ್ಚಿಂತರಾಗಿ ವರದಿಯನ್ನು ಮಡಿಸಿಡುತ್ತಾರೆ. ಭಾರತೀಯರ ಮಟ್ಟಿಗೆ ಈ ನಿಶ್ಚಿಂತೆ ಹಲವು ವೇಳೆ ಆಧಾರವಿಲ್ಲದುದು.

ಕೊಲೆಸ್ಟೆರಾಲ್ ಸ್ವತಃ ವಿಷವಲ್ಲ. ಜೀವಕೋಶಗಳ ಪೊರೆಗೂ ಕೆಲವು ಹಾರ್ಮೋನುಗಳ ತಯಾರಿಕೆಗೂ ಅದು ಅವಶ್ಯಕ. ಅದರ ಬಹುಭಾಗವನ್ನು ದೇಹವೇ ಉತ್ಪಾದಿಸಿಕೊಳ್ಳುತ್ತದೆ. ಟ್ರೈಗ್ಲಿಸರೈಡ್ ಎಂಬುದು ಶಕ್ತಿಗಾಗಿ ದೇಹವು ಕೂಡಿಡುವ ಕೊಬ್ಬು. ಇವೆರಡೂ ನೀರಿನಲ್ಲಿ ಕರಗವು. ಆದುದರಿಂದ ಪ್ರೋಟೀನಿನೊಡನೆ ಸೇರಿ, ಸೂಕ್ಷ್ಮ ಕಣಗಳಾಗಿ ರಕ್ತದಲ್ಲಿ ಸಂಚರಿಸುತ್ತವೆ. ಎಲ್.ಡಿ.ಎಲ್. ಕಣಗಳು ಹೆಚ್ಚಿದಷ್ಟೂ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗುತ್ತದೆ. ಎಚ್.ಡಿ.ಎಲ್. ಕಣಗಳು ಹೆಚ್ಚುವರಿ ಕೊಲೆಸ್ಟೆರಾಲನ್ನು ಯಕೃತ್ತಿಗೆ ಮರಳಿಸಲು ನೆರವಾಗುತ್ತವೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಮಧ್ಯವಯಸ್ಕ ಪುರುಷನೊಬ್ಬನ ವರದಿಯಲ್ಲಿ ಒಟ್ಟು ಕೊಲೆಸ್ಟೆರಾಲ್ 190, ಎಚ್.ಡಿ.ಎಲ್. 32, ಟ್ರೈಗ್ಲಿಸರೈಡ್ 240 ಎಂದಿದೆಯೆನ್ನೋಣ. (ಇಲ್ಲಿನ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.) ಒಟ್ಟು ಮೊತ್ತ ಮಿತಿಯೊಳಗಿದೆ. ಆದರೆ ಎಚ್.ಡಿ.ಎಲ್. ಪುರುಷರಲ್ಲಿ 40ಕ್ಕೂ ಸ್ತ್ರೀಯರಲ್ಲಿ 50ಕ್ಕೂ ಕಡಮೆಯಿರಬಾರದು. ಟ್ರೈಗ್ಲಿಸರೈಡ್ 150ನ್ನು ಮೀರಬಾರದು. ಒಟ್ಟು ಮೊತ್ತದಿಂದ ಎಚ್.ಡಿ.ಎಲ್. ಅನ್ನು ಕಳೆದರೆ 158 ಉಳಿಯುತ್ತದೆ. ಧಮನಿಗೆ ಹಾನಿಕರವಾದ ಕಣಗಳಲ್ಲಿರುವ ಕೊಲೆಸ್ಟೆರಾಲ್ ಇಷ್ಟು, ಅದು 130ರೊಳಗಿರಬೇಕಿತ್ತು. ರಕ್ಷಕ ಭಾಗವೇ ಕುಗ್ಗಿದ್ದರಿಂದ ಮೊತ್ತವು ಚಿಕ್ಕದಾಗಿ ಕಂಡಿತು! ಟ್ರೈಗ್ಲಿಸರೈಡ್ ಹೆಚ್ಚು, ಎಚ್.ಡಿ.ಎಲ್. ಕಡಮೆ ಎಂಬ ಈ ಜೋಡಿ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ.

ಎಲ್.ಡಿ.ಎಲ್. ಅನ್ನು ಅನೇಕ ಪ್ರಯೋಗಾಲಯಗಳು ನೇರವಾಗಿ ಅಳೆಯದೆ ಲೆಕ್ಕ ಹಾಕಿ ಬರೆಯುತ್ತವೆ. 1972ರಲ್ಲಿ ಪ್ರಕಟವಾದ ಸೂತ್ರದಂತೆ, ಒಟ್ಟು ಮೊತ್ತದಿಂದ ಎಚ್.ಡಿ.ಎಲ್. ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದಂಶವನ್ನೂ ಕಳೆಯಲಾಗುತ್ತದೆ. ಮೇಲಿನ ವರದಿಯಲ್ಲಿ ಅದು 110 ಆಗುತ್ತದೆ. ಟ್ರೈಗ್ಲಿಸರೈಡ್ 400ನ್ನು ಮೀರಿದಾಗ ಈ ಸೂತ್ರ ನಂಬಲರ್ಹವಲ್ಲ. ಮೊದಲ ಪರೀಕ್ಷೆಗೆ ಉಪವಾಸ ಕಡ್ಡಾಯವೆಂಬ ನಿಯಮ ಈಗ ಸಡಿಲಗೊಂಡಿದೆ. ಟ್ರೈಗ್ಲಿಸರೈಡ್ ಬಹಳ ಹೆಚ್ಚಿದ್ದರೆ ಮಾತ್ರ 10-12 ಗಂಟೆ ಉಪವಾಸವಿದ್ದು ಮತ್ತೆ ಪರೀಕ್ಷಿಸಿಕೊಳ್ಳಲು ವೈದ್ಯರು ಸೂಚಿಸಬಹುದು. ಆಗಲೂ ನೀರು ಕುಡಿಯಲು ಅಡ್ಡಿಯಿಲ್ಲ.

ವರದಿಯ ಅಂಚಿನಲ್ಲಿ ಮುದ್ರಿತವಾದ ಮಿತಿ ಎಲ್ಲರಿಗೂ ಒಂದೇ ಅಲ್ಲವೆಂಬುದು ಮುಖ್ಯವಾದ ವಿಷಯ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಎಲ್.ಡಿ.ಎಲ್. ಸಾಮಾನ್ಯರಲ್ಲಿ 100ಕ್ಕಿಂತ, ಮಧುಮೇಹ ಅಥವಾ ರಕ್ತದೊತ್ತಡದಂತಹ ಕಾರಣಗಳಿಂದ ಹೆಚ್ಚು ಅಪಾಯದಲ್ಲಿರುವವರಲ್ಲಿ 70ಕ್ಕಿಂತ, ಒಮ್ಮೆ ಹೃದಯಾಘಾತವಾದವರಲ್ಲಿ 55ಕ್ಕಿಂತ ಕಡಮೆಯಿರತಕ್ಕದ್ದು. ಹೃದಯಾಘಾತವಾದ ರೋಗಿಯು 95 ಎಂಬ ಅಂಕಿಯನ್ನು ನೋಡಿ, ಎಲ್ಲ ಸರಿಯಾಯಿತೆಂದು ತಾನಾಗಿಯೇ ಗುಳಿಗೆ ನಿಲ್ಲಿಸುವುದುಂಟು. ಅಂಕಿ ಇಳಿದಿರುವುದು ಗುಳಿಗೆಯಿಂದ. ಅದನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಹಿಂದಿನ ಮಟ್ಟಕ್ಕೆ ಏರುತ್ತದೆ.

ಟ್ರೈಗ್ಲಿಸರೈಡಿನ ಏರಿಕೆಗೆ ಎಣ್ಣೆ, ತುಪ್ಪಗಳಷ್ಟೇ ಕಾರಣವಲ್ಲ. ಸಕ್ಕರೆ, ಮಿತಿಮೀರಿದ ಅನ್ನ, ಮದ್ಯಪಾನ, ಹತೋಟಿಯಲ್ಲಿಲ್ಲದ ಮಧುಮೇಹ, ಥೈರಾಯ್ಡ್ ಗ್ರಂಥಿಯ ಮಂದಗತಿ ಇವೂ ಕಾರಣಗಳು. 500ನ್ನು ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿರುವುದರಿಂದ ವಿಳಂಬ ಮಾಡದೆ ವೈದ್ಯರನ್ನು ಕಾಣಬೇಕು. ಎಣ್ಣೆಯ ಡಬ್ಬಿಗಳ ಮೇಲಿನ ‘ಕೊಲೆಸ್ಟೆರಾಲ್ ರಹಿತ’ ಎಂಬ ಬರಹಕ್ಕೆ ಮಾರುಹೋಗಬೇಕಾಗಿಲ್ಲ. ಸಸ್ಯಜನ್ಯ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟೆರಾಲ್ ಇರುವುದೇ ಇಲ್ಲ. ವೈದ್ಯರಲ್ಲಿಗೆ ಹೋಗುವಾಗ ಹೊಸ ವರದಿಯೊಡನೆ ಹಳೆಯ ವರದಿಗಳನ್ನೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ಒಯ್ಯುವುದು ಉಪಯುಕ್ತ.